ನಕಾಶೆಯಲ್ಲಿಲ್ಲದ ಮೋರಿ

ನಮ್ಮ ಕಡೂರಿನಲ್ಲಿ ಮೋರಿ ಎಂದರೆ
ಬೀದಿಯಂಚಿನ ಕೊಳೆನೀರು. ಸೀರೆ ಎತ್ತಿ ದಾಟುತ್ತಿದ್ದೆವು.
ಮದುವೆಯಾಗಿ ಪರೇಲಿಗೆ ಬಂದ ದಿನ
ಅತ್ತೆ, "ಮೋರಿಯಲ್ಲಿ ಕಾಲು ತೊಳೆದುಕೋ" ಅಂದಾಗ
ಚಪ್ಪಲಿ ಮೆಟ್ಟಿ ಹೊರಗೆ ಹೊರಟಿದ್ದೆ.
ಇಡೀ ಚಾಳು ನಕ್ಕಿತು.

ಮೋರಿ ಒಳಗೇ ಇತ್ತು, ಒಲೆಯ ಪಕ್ಕ:
ಗೇಣೆತ್ತರದ ಕಟ್ಟೆ, ಒಂದು ನಲ್ಲಿ, ಒಂದು ತೂತು.
ಅಲ್ಲೇ ಸ್ನಾನ, ಪಾತ್ರೆ, ಅಕ್ಕಿ ತೊಳೆಯುವುದು,
ಅಳು ಬಂದರೆ ನಲ್ಲಿ ಬಿಟ್ಟುಕೊಂಡು ಅಳುವುದು.
ಮಿಕ್ಕದ್ದಕ್ಕೆ ಕೆಳಗಿಳಿದು ಹಿತ್ತಲಿಗೆ,
ನಲವತ್ತು ಮನೆಗೆ ನಾಲ್ಕು ಬಾಗಿಲು.

ಮಗಳಿಗೀಗ ಹದಿಮೂರು.
ಸಂಜೆ ಆರರ ಮೇಲೆ ನೀರು ಮುಟ್ಟುವುದಿಲ್ಲ.
ಊಟದಲ್ಲಿ ಮೆಣಸಿನಕಾಯಿ ಕಚ್ಚಿದರೂ
ಸಕ್ಕರೆ ಕೇಳುತ್ತಾಳೆ, ನೀರು ಕೇಳುವುದಿಲ್ಲ.

ಸೀರೆಗಳಿಗೆ ಫಾಲು ಹೊಲಿದ ದುಡ್ಡು, ಎತ್ತಿದ ಚೀಟಿ,
ಎಲ್ಲ ಸೇರಿಸಿ ಅರ್ಜಿ ಬರೆದೆ:
ಮೋರಿ ಒಡೆದು ಕಕ್ಕಸು ಕಟ್ಟಲು ಅಪ್ಪಣೆಯಾಗಬೇಕು.

ವಾರ್ಡ್ ಆಫೀಸಿನಲ್ಲಿ ತಾಂಡೇಲ ಸಾಹೇಬರು
ಹಳೆಯ ನಕಾಶೆ ತರಿಸಿದರು. ನೀಲಿ ಕಾಗದ,
ಮಡಿಕೆಯಲ್ಲೆಲ್ಲ ಹರಿದದ್ದು.
ಅವರು ಬೆರಳಿಟ್ಟು ಹುಡುಕಿದರು, ನಾನೂ ಬಗ್ಗಿ ಹುಡುಕಿದೆ.
ಗೋಡೆಯಿದೆ. ಕಿಟಕಿಯಿದೆ.
"ಬಾಯಿ, ನಿಮ್ಮ ಮನೆಯಲ್ಲಿ ಮೋರಿಯೇ ಇಲ್ಲವಲ್ಲ!"
"ಬೆಳಿಗ್ಗೆ ಅಲ್ಲೇ ಮಿಂದು ಬಂದೆ, ಸಾಹೇಬರೇ."
"ನೀವು ಮಿಂದಿರಬಹುದು. ನಕಾಶೆ ಮಿಂದಿಲ್ಲ."

ಇಲ್ಲದ್ದನ್ನು ಒಡೆಯಲು ಹೇಗೆ ಅಪ್ಪಣೆ ಕೊಡುವುದು?
ಮೊದಲು ಇದೆ ಎಂದು ತೋರಿಸಿ,
ಇರಬಾರದಿತ್ತೆಂದು ದಂಡ ಕಟ್ಟಿ,
ಇರಲಿ ಎಂದು ಬರೆಸಿಕೊಂಡು, ಆಮೇಲೆ ಒಡೆಯಬೇಕು.
ಅತ್ತೆ ಮೂರು ಬಾಣಂತನ ಮಿಂದ ನೀರು
ಅಷ್ಟೂ ಅನಧಿಕೃತವಾಗಿ ಸಮುದ್ರ ಸೇರಿದೆ.

ದಂಡ ಕಟ್ಟಿದೆ. ಎಂಜಿನಿಯರ್ ದಾರೂವಾಲಾ ಬಂದು
ತೊಲೆಗೆ ಸುತ್ತಿಗೆಯಿಂದ ಕುಟ್ಟಿ ಕಿವಿಯಿಟ್ಟರು:
"ತೇಗ. ನಮ್ಮಿಬ್ಬರಿಗಿಂತ ಗಟ್ಟಿ."
ಉಳಿದದ್ದು ಕೆಳಮನೆಯವರ ಸಹಿ.

ಕೆಳಗೆ ಇಂದೂತಾಯಿ ಪೆಡ್ಣೇಕರ್.
ನಮ್ಮ ಮೋರಿಗೆ ನೇರ ಕೆಳಗೆ ಅವರ ದೇವರ ಹಲಗೆ,
ಗಣಪತಿಯ ಪಕ್ಕ ಗಿರಣಿಯ ಪಾಸಿನಲ್ಲಿದ್ದ ಗಂಡನ ಫೋಟೋ.
"ನನ್ನ ದೇವರ ತಲೆ ಮೇಲೆ ಕೂರ್ತೀಯೇನೇ?"
ಅಷ್ಟೇ. ಬಾಗಿಲು.
ಎರಡು ತಿಂಗಳು ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಗೋಡೆ ನೋಡಿದರು.
ನಾನೂ ಬೇಕೆಂದೇ ಬಕೆಟ್ಟು ಕುಕ್ಕಿ ಇಟ್ಟೆ.
ಸುಳ್ಳೇಕೆ ಹೇಳಲಿ.

ಒಂದು ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರು.
ಸೆರಗಿನ ಗಂಟಿನಲ್ಲಿ ನನ್ನ ಕಾಗದ,
ಮಡಿಸಿ ಮಡಿಸಿ ಎಲೆಯಡಿಕೆಯಷ್ಟಾದದ್ದು.
ಮಸಿ ಸಿಗದೆ ಕುಂಕುಮದಲ್ಲಿ ಹೆಬ್ಬೆಟ್ಟು ಒತ್ತಿದ್ದರು.
"ಗಣಪತಿಯನ್ನು ಆಚೆ ಗೋಡೆಗೆ ಕೂರಿಸಿದೆ.
ಅವನಿಗೇನು, ಮೊಣಕಾಲು ನೋಯುತ್ತದೆಯೇ?
ಹಿತ್ತಲಿಗೆ ಇಳಿಯಲು ಇಪ್ಪತ್ತೆರಡು ಮೆಟ್ಟಿಲು,
ನಿನ್ನಲ್ಲಿಗೆ ಹತ್ತಲು ಹನ್ನೊಂದು.
ಲೆಕ್ಕ ನನಗೂ ಬರುತ್ತದೆ.
ಕೀಲಿ ಎರಡು ಮಾಡಿಸು."

ಸಾಹೇಬರು ಕುಂಕುಮ ಮೂಸಿ ನೋಡಿದರು.
"ನೀಲಿ ಮಸಿಯೇ ಆಗಬೇಕು, ಬಾಯಿ."
ಮಸಿಪ್ಯಾಡು ಕೊಂಡು ಹೋದೆ. ಇಂದೂತಾಯಿ ಗೊಣಗುತ್ತಾ
ಕೆಂಪಿನ ಮೇಲೇ ನೀಲಿ ಒತ್ತಿದರು.
ಕಾಗದದ ಮೇಲೆ ಒಂದು ನೇರಳೆ ಹಣ್ಣು.

ಫೈಲು ಈಗ ಒಳಗಿದೆ. ಯಾವ ಮೇಜಿನಲ್ಲೋ,
ಸೋಮವಾರ ಕೇಳಿ ಅನ್ನುತ್ತಾರೆ.

ಮಗಳು ನನ್ನ ಟೇಪು ತೆಗೆದುಕೊಂಡು ಮೋರಿ ಅಳೆದಳು.
ಮೂರಡಿ, ನಾಲ್ಕಡಿ.
ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದಳು:
ಇಲ್ಲಿ ಗೋಡೆ, ಇಲ್ಲಿ ಬಾಗಿಲು, ಚಿಲಕ ಒಳಗಡೆ.
ಪಾತ್ರೆ ತೊಳೆದಾಗ ಅಳಿಸಿಹೋಗುತ್ತದೆ,
ಮರುದಿನ ಮತ್ತೆ ಬರೆಯುತ್ತಾಳೆ.
ನಿನ್ನೆ ನೋಡಿದರೆ ಬಾಗಿಲು ಅರ್ಧ ಅಡಿ ಅಗಲವಾಗಿದೆ,
ಇಂದೂತಾಯಿಯ ಕೋಲಿಗಂತೆ.

ಅದಕ್ಕೂ ಬೇರೆ ಅರ್ಜಿ ಹಾಕಬೇಕೋ ಏನೋ.
ಸೋಮವಾರ ಕೇಳಬೇಕು.